ನಲವತ್ತು ವರ್ಷದ ಬಿಬಿಸಿ ಮೈಕ್ರೋ, ಹೊಸ ಮಾನಿಟರ್, ನಡುವೆ ಆರು ತಂತಿ

ಚಿಕ್ಕಪ್ಪನ ಮನೆ ಅಟ್ಟದಿಂದ ಇಳಿಸಿದಾಗ ಮೇಲೆ ಹೊದಿಸಿದ್ದ ಬೆಡ್‌ಶೀಟು ಧೂಳು ಹಿಡಿದು ಹಪ್ಪಳದ ಹಾಗೆ ಗಟ್ಟಿಯಾಗಿತ್ತು. ಒಳಗೆ ಬಿಸ್ಕತ್ ಬಣ್ಣದ ದಪ್ಪ ಡಬ್ಬಿ, ಕಪ್ಪು ಕೀಗಳು, ಮೇಲಿನ ಸಾಲಲ್ಲಿ ಹತ್ತು ಕೆಂಪು ಕೀ. ಬಿಬಿಸಿ ಮೈಕ್ರೋ, ಮಾಡೆಲ್ ಬಿ.

ಚಿಕ್ಕಪ್ಪ ದಾವಣಗೆರೆ ಕಡೆ ಹೈಸ್ಕೂಲಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದರು. 1984-85ರಲ್ಲಿ ಕೇಂದ್ರ ಸರ್ಕಾರ ಕ್ಲಾಸ್ ಅನ್ನೋ ಯೋಜನೆ ತಂದು ದೇಶದ ಶಾಲೆಗಳಿಗೆ ಕಂಪ್ಯೂಟರ್ ಕೊಡೋಕೆ ಶುರು ಮಾಡಿತು. ಆಗ ಆರಿಸಿಕೊಂಡಿದ್ದು ಇದೇ ಮಾದರಿ. ಕೆಲವು ವರ್ಷ ಆದಮೇಲೆ ಶಾಲೆ ಸ್ಟೋರ್ ರೂಮ್ ಖಾಲಿ ಮಾಡಿದಾಗ ಇದು ಗುಜರಿಗೆ ಹೊರಟಿತ್ತಂತೆ. ಚಿಕ್ಕಪ್ಪ ದುಡ್ಡು ಕಟ್ಟಿ ಮನೆಗೆ ತಂದಿದ್ದರು. ತಂದವರು ಅಟ್ಟಕ್ಕೆ ಹಾಕಿದರು, ಅಷ್ಟೇ.

‘ಅದನ್ನ ತಗಂಡು ಏನ್ ಮಾಡ್ತೀಯಪ್ಪ?’ ಅಂದರು.

‘ಟಿವಿಗೆ ಹಾಕ್ತೀನಿ ಚಿಕ್ಕಪ್ಪ.’

‘ಈಗಿನ ಟಿವಿಗೆ ಇದು ಎಲ್ಲಿ ಬರ್ತೈತಿ?’

ಪ್ರಶ್ನೆ ಸರಿಯಾಗೇ ಇತ್ತು. ಉತ್ತರ ಸಿಗೋಕೆ ನನಗೆ ನಾಲ್ಕು ಭಾನುವಾರ ಹಿಡಿಯಿತು.

ಈ ಯಂತ್ರದ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ಇಂಗ್ಲೆಂಡಿನ ಕೇಂಬ್ರಿಡ್ಜಲ್ಲಿದ್ದ ಏಕಾರ್ನ್ ಕಂಪನಿ ಇದನ್ನು ಮಾಡಿದ್ದು. ಜನರಿಗೆ ಕಂಪ್ಯೂಟರ್ ಕಲಿಸೋ ಬಿಬಿಸಿಯ ಕಾರ್ಯಕ್ರಮಕ್ಕಾಗಿ 1981ರ ಡಿಸೆಂಬರ್‌ನಲ್ಲಿ ಹೊರಬಂತು. 2 ಮೆಗಾಹರ್ಟ್ಸ್ ವೇಗದ 6502 ಪ್ರೊಸೆಸರ್, 32 ಕೆಬಿ ಮೆಮೊರಿ. ನಮ್ಮಲ್ಲಿ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಸಂಸ್ಥೆ ಇದನ್ನೇ ಯೂನಿಕಾರ್ನ್ ಅನ್ನೋ ಹೆಸರಲ್ಲಿ ತಂದಿತ್ತು. ನನಗೆ ಬೇಕಾಗಿದ್ದು ಹಿಂಭಾಗ. ಅಲ್ಲಿ ಚಿತ್ರ ಹೊರಗೆ ಬರೋಕೆ ಮೂರು ಬಾಗಿಲು. ಒಂದು ಆಂಟೆನಾಗೆ ಹಾಕೋ ಯುಎಚ್ಎಫ್ ಸಾಕೆಟ್. ಎರಡನೇದು ವಿಡಿಯೋ ಅಂತ ಬರೆದಿರೋ ಬಿಎನ್‌ಸಿ ಸಾಕೆಟ್. ಮೂರನೇದು ಆರ್‌ಜಿಬಿ ಅಂತ ಬರೆದಿರೋ ಆರು ಪಿನ್ನಿನ ದುಂಡನೆ ಡಿನ್ ಸಾಕೆಟ್.

ಚಿತ್ರಕ್ಕಿಂತ ಮೊದಲು ಕರೆಂಟು. ಇಷ್ಟು ವರ್ಷ ಸುಮ್ಮನೆ ಕೂತಿದ್ದನ್ನು ನೇರ ಪ್ಲಗ್‌ಗೆ ಹಾಕಬಾರದು. ಟಿವಿ ರಿಪೇರಿ ಅಂಗಡಿಗಳಲ್ಲಿ ಇರುತ್ತಲ್ಲ, ಸೀರೀಸ್ ಬೋರ್ಡ್, ಅಂಥದ್ದು ನನ್ನ ಹತ್ತಿರ ಒಂದಿದೆ. 100 ವ್ಯಾಟ್ ಬಲ್ಬ್ ಮೂಲಕ ಕರೆಂಟ್ ಹೋಗುತ್ತೆ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಜಗ್ಗನೆ ಉರಿಯುತ್ತೆ, ಯಂತ್ರ ಉಳಿಯುತ್ತೆ.

ಆ ಕಾಲದ ಪವರ್ ಸಪ್ಲೈಗಳ ಒಳಗೆ ಜೇನು ಬಣ್ಣದ ಪಾರದರ್ಶಕ ಕೆಪಾಸಿಟರ್‌ಗಳಿರುತ್ತವೆ. ಮೈನ್ಸ್ ಕಡೆಯ ಗಲಾಟೆ ತಡೆಯೋಕೆ ಹಾಕಿದ್ದು. ಒಳಗೆ ಕಾಗದ. ವಯಸ್ಸಾದಂತೆ ಹೊರಕವಚ ಸೂಕ್ಷ್ಮವಾಗಿ ಬಿರುಕು ಬಿಡುತ್ತೆ, ಬಿರುಕಲ್ಲಿ ತೇವ ಸೇರುತ್ತೆ, ಒಂದು ದಿನ ಸುಡುತ್ತೆ. ಮೊದಲು ಅವನ್ನು ಬದಲಾಯಿಸಬೇಕು, ಆಮೇಲೆ ಆನ್ ಮಾಡಬೇಕು. ಇದು ನನಗೆ ಗೊತ್ತಿತ್ತು. ಆದರೆ ರಾತ್ರಿ ಒಂಬತ್ತೂವರೆ, ಯಂತ್ರ ಎದುರಿಗೇ ಇದೆ. ಆಸೆ ತಡೆಯಲಿಲ್ಲ.

ಆನ್ ಮಾಡಿದೆ. ಬಲ್ಬ್ ಒಮ್ಮೆ ಮಿಂಚಿ ಮಂದವಾಯಿತು. ಯಂತ್ರದಿಂದ ‘ಬೂ’ ಅಂತ ಸದ್ದು. ನಾನು ಖುಷಿಯಲ್ಲಿ ಕೂತಿದ್ದಾಗ ಐದಾರು ನಿಮಿಷಕ್ಕೆ ಪಟ್ ಅಂತು, ಬಲ್ಬ್ ಪೂರ್ತಿ ಬೆಳಗಿತು. ಎಡಬದಿಯ ಸಂದಿಗಳಿಂದ ಬಿಳಿ ಹೊಗೆ ಸುರುಳಿ ಸುರುಳಿಯಾಗಿ ಬಂತು. ಸ್ವಿಚ್ ಆರಿಸಿ ಕಿಟಕಿ ತೆಗೆಯೋ ಹೊತ್ತಿಗೆ ಅಡುಗೆಮನೆಯಿಂದ ಅಮ್ಮ, ‘ಒಲೆ ಮೇಲೆ ಏನೂ ಇಲ್ವಲ್ಲೋ, ಏನೋ ಇದು ಸೀದ ವಾಸನೆ?’ ಅಂದರು. ಆ ವಾಸನೆ ಕಿಟಕಿ ಪರದೆಯಿಂದ ಹೋಗೋಕೆ ಎರಡು ದಿನ ಬೇಕಾಯಿತು.

ಮರುದಿನ ಪವರ್ ಸಪ್ಲೈ ಬಿಚ್ಚಿದೆ. ಇದರಲ್ಲಿ ಒಂದು ಎಚ್ಚರಿಕೆ. 230 ವೋಲ್ಟ್ ಎಸಿ ಡಿಸಿಯಾದಾಗ ದೊಡ್ಡ ಕೆಪಾಸಿಟರ್‌ನಲ್ಲಿ 325 ವೋಲ್ಟ್‌ವರೆಗೆ ಕೂರುತ್ತೆ. ಪ್ಲಗ್ ಕಿತ್ತಮೇಲೂ ಕೂತೇ ಇರುತ್ತೆ. ರೆಸಿಸ್ಟರ್ ಹಿಡಿದು ಇಳಿಸಿ, ಮೀಟರ್ ಇಟ್ಟು ಸೊನ್ನೆ ಆಯಿತಾ ನೋಡಿ, ಆಮೇಲೆ ಕೈ ಹಾಕಬೇಕು. ಕೈ ನಡುಗುವವರು ಈ ಡಬ್ಬಿಯನ್ನು ಗೊತ್ತಿರೋರ ಕೈಗೆ ಕೊಡೋದೇ ಒಳ್ಳೇದು.

ಸುಟ್ಟಿದ್ದು 0.1 ಮೈಕ್ರೋಫ್ಯಾರಡ್‌ನದು, ಹೊಟ್ಟೆ ಸೀಳಿ ಒಳಗಿನ ಕಪ್ಪು ಕಾಗದ ಹೊರಗೆ ಬಂದಿತ್ತು. ಪಕ್ಕದ 0.01ರದು ಇನ್ನೂ ಸುಟ್ಟಿರಲಿಲ್ಲ, ಆದರೆ ಬೆಳಕಿಗೆ ಹಿಡಿದರೆ ಜೇಡರ ಬಲೆ ತರ ಬಿರುಕು. ಎರಡನ್ನೂ ತೆಗೆದು ಹೊಸ ಪಾಲಿಪ್ರೊಪಿಲೀನ್‌ನವು ಹಾಕಿದೆ. ಮೈನ್ಸ್‌ಗೆ ಅಡ್ಡ ಕೂರೋದರಿಂದ ಎಕ್ಸ್2 ಅಂತ ಬರೆದಿರೋದೇ ಬೇಕು, ಬೇರೆ ಯಾವುದೋ ಹಾಕಬಾರದು. ಹೊಸದರ ಕಾಲಿನ ಅಂತರ ಬೇರೆ ಇತ್ತು, ಬಗ್ಗಿಸಿ ಕೂರಿಸಿದೆ. ಒಂದು 220 ಮೈಕ್ರೋಫ್ಯಾರಡ್ ಎಲೆಕ್ಟ್ರೋಲಿಟಿಕ್ಕನ್ನೂ ಹೇಗೂ ಬಿಚ್ಚಿದ್ದೀನಲ್ಲ ಅಂತ ಬದಲಾಯಿಸಿದೆ. ಮತ್ತೆ ಸೀರೀಸ್ ಬಲ್ಬ್. ಈ ಸಲ ತಣ್ಣಗಿತ್ತು. ಮೀಟರ್‌ನಲ್ಲಿ 5.02 ವೋಲ್ಟ್.

ಇನ್ನು ಆ ‘ಬೂ’ ಸದ್ದು. ಬಿಬಿಸಿ ಮೈಕ್ರೋ ಆನ್ ಆದ ಕೂಡಲೇ ಸೌಂಡ್ ಚಿಪ್ ತಾನಾಗೇ ಒಂದು ದಪ್ಪ ಸ್ವರ ಎತ್ತುತ್ತೆ. ಪ್ರೊಸೆಸರ್ ಎಚ್ಚರವಾಗಿ ಅದನ್ನು ನಿಲ್ಲಿಸಿ ಒಂದು ಸಣ್ಣ ‘ಬೀಪ್’ ಕೊಡುತ್ತೆ. ಬೂ-ಬೀಪ್ ಬಂದರೆ ಯಂತ್ರ ಬದುಕಿದೆ. ಬರೀ ಬೂ ಅಂತ ನಿಲ್ಲದೆ ಬರ್ತಾ ಇದ್ದರೆ ಪ್ರೊಸೆಸರ್ ಏಳಲೇ ಇಲ್ಲ ಅಂತ ಅರ್ಥ. ಪರದೆಯೇ ಇಲ್ಲದೆ ಇಷ್ಟು ತಿಳಿಯುತ್ತೆ, ನೋಡಿ. ಹಾಗಾಗಿ ಇಂಥ ಕೆಲಸದಲ್ಲಿ ಮೊದಲು ಕಿವಿ ಕೊಡಿ, ಆಮೇಲೆ ಮಾನಿಟರ್ ಬಯ್ಯಿ.

ನನ್ನದು ಬರೀ ಬೂ. ಹಿಂದಿನ ರಾತ್ರಿ ಅದನ್ನೇ ಕೇಳಿ ಸುಮ್ನೆ ಖುಷಿಪಟ್ಟಿದ್ದೆ. ದೊಡ್ಡ ಚಿಪ್‌ಗಳೆಲ್ಲ ಸಾಕೆಟ್‌ನಲ್ಲಿ ಕೂತಿವೆ. ಬಿಸಿಲು ಚಳಿಗೆ ವರ್ಷಾನುಗಟ್ಟಲೆ ಹಿಗ್ಗಿ ಕುಗ್ಗಿ ಮೆಲ್ಲಗೆ ಮೇಲೆದ್ದಿರುತ್ತವೆ, ಕಾಲುಗಳು ಕಪ್ಪಾಗಿರುತ್ತವೆ. ಹೆಬ್ಬೆರಳಲ್ಲಿ ಒಂದೊಂದನ್ನೇ ಒತ್ತಿದೆ. ಆಪರೇಟಿಂಗ್ ಸಿಸ್ಟಮ್ ಇರೋ ರೋಮ್ (ROM) ಚಿಪ್ ‘ಕಟಕ್’ ಅಂತ ಕೆಳಗೆ ಹೋಯಿತು. ಅದನ್ನೂ ಬೇಸಿಕ್ ಭಾಷೆ ಇರೋ ಚಿಪ್ಪನ್ನೂ ತೆಗೆದು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಕಾಲು ಒರೆಸಿ ಮತ್ತೆ ಕೂರಿಸಿದೆ. ಆನ್. ಬೂ-ಬೀಪ್. ಕ್ಯಾಪ್ಸ್ ಲಾಕ್ ದೀಪ ಹತ್ತಿತು. ಮೊಬೈಲಲ್ಲಿ ಆ ಸದ್ದು ರೆಕಾರ್ಡ್ ಮಾಡಿ ಚಿಕ್ಕಪ್ಪನಿಗೆ ಕಳಿಸಿದೆ. ಎರಡು ನಿಮಿಷಕ್ಕೆ ಫೋನ್ ಬಂತು. ‘ಈ ಸದ್ದಿಗೆ ಹುಡುಗ್ರು ಗದ್ದಲ ನಿಲ್ಲಿಸೋರು ಕಣಪ್ಪ’ ಅಂದರು.

ಈಗ ಬಾಗಿಲುಗಳು.

ಯುಎಚ್ಎಫ್ ಬಾಗಿಲಿನ ಮೇಲೆ ಜಾಸ್ತಿ ಹೊತ್ತು ಕಳೆಯಲಿಲ್ಲ. ಚಾನೆಲ್ 36ರಲ್ಲಿ ಬರುತ್ತೆ. ನಮ್ಮ ಟಿವಿಯ ಅನಲಾಗ್ ಟ್ಯೂನರ್ ಹುಡುಕಿ ಹುಡುಕಿ ಹಿಡಿಯಿತು, ಆದರೆ ಮಂಜಲ್ಲಿ ಬೋರ್ಡ್ ಓದಿದ ಹಾಗಿತ್ತು.

ಎರಡನೇದಕ್ಕೆ ಬಿಎನ್‌ಸಿಯಿಂದ ಆರ್‌ಸಿಎಗೆ ಅಡಾಪ್ಟರ್ ಬೇಕು. ಇದು ಅಪರೂಪದ ವಸ್ತು ಅಂದುಕೊಂಡು ಬೆಂಗಳೂರಲ್ಲಿ ಎಲೆಕ್ಟ್ರಾನಿಕ್ಸ್ ಸಾಮಾನು ಸಿಗೋ ಎಸ್.ಪಿ. ರೋಡ್‌ಗೆ ಹೋದೆ. ಅಂಗಡಿಯವರು ಡಬ್ಬದೊಳಗೆ ಕೈ ಹಾಕಿ ಒಂದು ಹಿಡಿ ತೆಗೆದು ಗಾಜಿನ ಮೇಲೆ ಸುರಿದರು. ‘ಸಿಸಿ ಕ್ಯಾಮೆರಾಗಾ ಸಾರ್? ಎಷ್ಟು ಕೊಡ್ಲಿ?’ ಸಿಸಿಟಿವಿ ಕೃಪೆಯಿಂದ ಬಿಎನ್‌ಸಿ ಇನ್ನೂ ಬೀದಿ ಬೀದಿಯಲ್ಲಿ ಬದುಕಿದೆ.

ಟಿವಿಯ ಎವಿ ಇನ್‌ಗೆ ಹಾಕಿದೆ. ಬಂತು! ಕಪ್ಪು ಪರದೆ, ಬಿಳಿ ಅಕ್ಷರ, ‘ಬಿಬಿಸಿ ಕಂಪ್ಯೂಟರ್ 32ಕೆ’, ಕೆಳಗೆ ‘ಬೇಸಿಕ್’, ಅದರ ಕೆಳಗೆ ಮಿನುಗೋ ಕರ್ಸರ್. ಅಕ್ಷರ ಓದಬಹುದಿತ್ತು, ಆದರೆ ನಡುಗುತ್ತಿತ್ತು. ಬಣ್ಣವೂ ಇಲ್ಲ. ಬಣ್ಣ ಇಲ್ಲದಿರೋದು ಕೆಟ್ಟಿದ್ದಕ್ಕಲ್ಲ. ಈ ಸಾಕೆಟ್‌ನಿಂದ ಕಾರ್ಖಾನೆಯಿಂದ ಬಂದಾಗಲೇ ಕಪ್ಪು-ಬಿಳುಪು ಮಾತ್ರ. ಬೋರ್ಡಿನ ಮೇಲೆ ಎಸ್39 ಅನ್ನೋ ಒಂದು ಲಿಂಕ್ ಕೂಡಿಸಿದರೆ ಬಣ್ಣವೂ ಬರುತ್ತೆ, ಆದರೆ ಅಕ್ಷರದ ಅಂಚಲ್ಲಿ ಬಣ್ಣ ಸೋರುತ್ತೆ. ಅದಕ್ಕೆ ಅಲ್ಲಿ ಕೈ ಹಾಕಲಿಲ್ಲ. ಬೋರ್ಡನ್ನು ಬಂದ ಹಾಗೇ ಉಳಿಸಬೇಕು ಅನ್ನೋದೂ ಮನಸ್ಸಲ್ಲಿತ್ತು.

ನಡುಕ ಯಾಕೆ ಅಂದರೆ, ಹಳೇ ಟಿವಿ ಪ್ರಸಾರದಲ್ಲಿ ಒಂದು ಚಿತ್ರ ಎರಡು ಕಂತಲ್ಲಿ ಬರುತ್ತಿತ್ತು. ಮೊದಲು ಬೆಸ ಗೆರೆಗಳು, ಆಮೇಲೆ ಸಮ ಗೆರೆಗಳು. ಎಲ್‌ಸಿಡಿ ಟಿವಿ ಎರಡನ್ನೂ ಕೂಡಿಸಿ ಒಂದು ಪೂರ್ತಿ ಚಿತ್ರ ಮಾಡುತ್ತೆ. ಪರದೆಗೆ ಚಿತ್ರ ಬಿಡಿಸೋ ಬೇರೆ ಬೇರೆ ವಿಧಾನಕ್ಕೆ ಬಿಬಿಸಿ ಮೈಕ್ರೋದಲ್ಲಿ ಮೋಡ್ ಅಂತಾರೆ. ಅದು ಹೆಚ್ಚಿನ ಮೋಡ್‌ಗಳಲ್ಲಿ ಎರಡು ಕಂತಲ್ಲೂ ಅದೇ ಚಿತ್ರವನ್ನೇ ಕಳಿಸುತ್ತೆ. ಟಿವಿ ಮಾತ್ರ ಅದನ್ನು ಬೇರೆ ಬೇರೆ ಅರ್ಧ ಅಂತ ನಂಬಿ ಹೆಣೆಯೋಕೆ ಹೋಗುತ್ತೆ. ‘*TV 0,1’ ಅಂತ ಟೈಪ್ ಮಾಡಿ ಮೋಡ್ ಬದಲಾಯಿಸಿದರೆ ಈ ಎರಡು ಕಂತಿನ ಆಟ ನಿಲ್ಲುತ್ತೆ. ಮಾಡಿದೆ, ನಡುಕ ಬಹಳ ಕಡಿಮೆಯಾಯಿತು. ಆದರೆ ಆನ್ ಆದಾಗ ಬರೋ ಮೋಡ್ 7ಕ್ಕೆ ಇದು ನಾಟುವುದಿಲ್ಲ.

ಎವಿಯಿಂದ ಎಚ್‌ಡಿಎಂಐಗೆ ಮಾಡೋ ಅಗ್ಗದ ಪುಟ್ಟ ಡಬ್ಬಿಯನ್ನೂ ನೋಡಿದೆ. ಅದೂ ಹೆಣೆಯೋ ಜಾತಿಯದೇ. ಮೇಲಿಂದ 50 ಹರ್ಟ್ಸ್ ಚಿತ್ರವನ್ನು 60 ಹರ್ಟ್ಸ್‌ಗೆ ಎಳೆಯುತ್ತೆ. ಸ್ಕ್ರೋಲ್ ಮಾಡಿದರೆ ಗುಂಡಿ ಬಿದ್ದ ರಸ್ತೇಲಿ ಆಟೋ ಹೋದ ಹಾಗೆ. ಸಿನಿಮಾ ಡಿವಿಡಿಗೆ ಸರಿ, ಇದಕ್ಕಲ್ಲ.

ಉಳಿದದ್ದು ಮೂರನೇ ಬಾಗಿಲು. ಕೆಂಪು, ಹಸಿರು, ನೀಲಿ ಬೇರೆ ಬೇರೆ ತಂತಿಯಲ್ಲಿ, ಜೊತೆಗೆ ಸಿಂಕ್, ಅಂದರೆ ಗೆರೆ ಎಲ್ಲಿ ಶುರು ಅಂತ ಹೇಳೋ ಸಂಕೇತ. ಇಲ್ಲಿ ಎಲ್ಲರೂ ಮಾಡೋ ತಪ್ಪನ್ನೇ ನಾನೂ ಮಾಡಿದೆ. ಆರ್‌ಜಿಬಿ ಇದೆ, ಮಾನಿಟರ್‌ಗೆ ವಿಜಿಎ ಇದೆ, ಕೇಬಲ್ ಮಾಡಿದರೆ ಆಯ್ತಲ್ಲ ಅಂದುಕೊಂಡೆ. ಬಿಬಿಸಿ ಕೊಡೋದು 5 ವೋಲ್ಟ್ ಅಂತ ನೆನಪಿಟ್ಟು ರೆಸಿಸ್ಟರ್ ಹಾಕಿ ವಿಜಿಎಗೆ ಬೇಕಾದ 0.7ರ ಹತ್ತಿರಕ್ಕೆ ಇಳಿಸಿದೆ. ಮಾನಿಟರ್ ಕಪ್ಪಾಗಿ ‘ಔಟ್ ಆಫ್ ರೇಂಜ್’ ಅಂತು. ತಪ್ಪು ವೋಲ್ಟಲ್ಲಿ ಇರಲಿಲ್ಲ. ಬಿಬಿಸಿ ಸೆಕೆಂಡಿಗೆ 15,625 ಗೆರೆ ಎಳೆಯುತ್ತೆ. ವಿಜಿಎ ಮಾನಿಟರ್‌ಗೆ ಕಡಿಮೆ ಅಂದರೂ 31 ಸಾವಿರದಷ್ಟು ಬೇಕು. ಕೇಬಲ್ ಎಷ್ಟು ಚೆನ್ನಾಗಿ ಮಾಡಿದರೂ ಗೆರೆ ಹೆಚ್ಚೋದಿಲ್ಲ. ಒಂದು ಭಾನುವಾರ ಹೋಯಿತು.

ಕೊನೆಗೆ ತರಿಸಿದ್ದು ಆರ್‌ಜಿಬಿ-ಟು-ಎಚ್‌ಡಿಎಂಐ ಅನ್ನೋ ಓಪನ್ ಸೋರ್ಸ್ ಬೋರ್ಡು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಅದರ ಬೆನ್ನಿಗೆ ಒಂದು ರಾಸ್ಪ್‌ಬೆರಿ ಪೈ ಝೀರೋ ಅನ್ನೋ ಪುಟ್ಟ ಕಂಪ್ಯೂಟರ್ ಕೂರುತ್ತೆ. ಪೈಯ ಪಿನ್‌ಗಳಿಗೆ 5 ವೋಲ್ಟ್ ತಾಗಿದರೆ ಕತೆ ಮುಗಿಯಿತು. ಅದಕ್ಕೇ ನಡುವೆ 5 ವೋಲ್ಟ್ ತಡೆಯೋ ಒಂದು ಪ್ರೋಗ್ರಾಮ್ ಮಾಡಿದ ಚಿಪ್. ಅದು ಬಣ್ಣಗಳನ್ನು ಹಿಡಿದು ಪೈಗೆ ದಾಟಿಸುತ್ತೆ, ಪೈ ಎಚ್‌ಡಿಎಂಐನಲ್ಲಿ ಚಿತ್ರ ಬಿಡಿಸುತ್ತೆ. ಲಿನಕ್ಸ್ ಇಲ್ಲ ಏನಿಲ್ಲ, ಕಾರ್ಡಿಗೆ ಕೆಲವು ಫೈಲ್ ಹಾಕಿದರೆ ಕೆಲವೇ ಸೆಕೆಂಡಲ್ಲಿ ಸಿದ್ಧ.

ಇದರಲ್ಲಿ ನನಗೆ ಮಜಾ ಅನಿಸಿದ್ದು ಬೇರೆ. ಏಕಾರ್ನ್‌ನವರು ಆಮೇಲೆ ತಮ್ಮದೇ ಒಂದು ಪ್ರೊಸೆಸರ್ ಮಾಡಿದರು. ಸೋಫಿ ವಿಲ್ಸನ್, ಸ್ಟೀವ್ ಫರ್ಬರ್ ಅದರ ಹಿಂದಿದ್ದವರು. ಮೊದಲ ಚಿಪ್ 1985ರ ಏಪ್ರಿಲ್ 26ರಂದು ಓಡಿತು, ಅದೂ ಒಂದು ಬಿಬಿಸಿ ಮೈಕ್ರೋಗೆ ಕಟ್ಟಿಕೊಂಡೇ. ಏಕಾರ್ನ್ ರಿಸ್ಕ್ ಮಷೀನ್, ಅಂದರೆ ಆರ್ಮ್. ಪೈ ಝೀರೋ ಒಳಗಿರೋದು ಅದೇ ವಂಶದ ಪ್ರೊಸೆಸರ್. ಅಜ್ಜಿಗಿಂತ ಮೊಮ್ಮಗನ ಮೆಮೊರಿ 16,384 ಪಟ್ಟು ಜಾಸ್ತಿ. ಅವನ ಕೆಲಸ ಇಲ್ಲಿ ಅಜ್ಜಿಗೆ ಕನ್ನಡಕ ಹಾಕೋದು.

ಆರು ಪಿನ್ನಿನ ಡಿನ್ ಪ್ಲಗ್ ಎಸ್.ಪಿ. ರೋಡಲ್ಲಿ ನನಗೆ ಸಿಗಲಿಲ್ಲ. ‘ಐದು ಪಿನ್ ಇದೆ ಸಾರ್, ಆಗಲ್ವಾ?’ ಅಂದರು. ಆಗಲ್ಲ. ಪೋಸ್ಟಲ್ಲಿ ಎರಡು ತರಿಸಿದೆ, ಒಂದು ನಾನು ಹಾಳು ಮಾಡೇ ಮಾಡ್ತೀನಿ ಅಂತ ಲೆಕ್ಕ ಹಾಕಿ. ತಂತಿ ಹೀಗೆ: 1 ಕೆಂಪು, 2 ಹಸಿರು, 3 ನೀಲಿ, 4 ಸಿಂಕ್, 5 ಗ್ರೌಂಡ್, 6ರಲ್ಲಿ 5 ವೋಲ್ಟ್. ಆ 5 ವೋಲ್ಟಿಂದಲೇ ಪೈ ನಡೆಯುತ್ತೆ, ಬೇರೆ ಚಾರ್ಜರ್ ಬೇಡ. ಎರಡನ್ನೂ ಒಟ್ಟಿಗೆ ಮಾತ್ರ ಹಾಕಬೇಡಿ.

ಪ್ಲಗ್ಗಿನ ಪಿನ್‌ಗಳು ಕೂತಿರೋದು ಪ್ಲಾಸ್ಟಿಕ್ ಬಿಲ್ಲೆಯಲ್ಲಿ. ಬಿಲ್ಲೆ ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದು, ಅದರೊಳಗೆ ಆರು ತಂತಿ. ಒಂದಕ್ಕೆ ಕಾವು ಕೊಟ್ಟರೆ ಪಕ್ಕದ ಬೆಸುಗೆ ಬಿಟ್ಟುಕೊಳ್ಳುತ್ತೆ. ಎಡಗೈಲಿ ಪ್ಲಗ್, ಬಲಗೈಲಿ ಬೆಸುಗೆ ಐರನ್, ಬಾಯಲ್ಲಿ ಲೆಡ್ (ಬೆಸುಗೆ ತಂತಿ) ಹಿಡಿದು ಮಾಡಿದೆ. ಬಾಯಲ್ಲಿ ಲೆಡ್ ಹಿಡಿಯಬಾರದು, ಅದು ಬೇರೆ ವಿಷಯ. ಮುಗಿದಾಗ ನೋಡೋಕೆ ಚೆನ್ನಾಗೇ ಇತ್ತು.

ಹಾಕಿದೆ. ಬೂ-ಬೀಪ್. ಮಾನಿಟರ್‌ನಲ್ಲಿ ಅಕ್ಷರ ಬಂತು, ಆದರೆ ಅಂಚಲ್ಲೆಲ್ಲ ಇರುವೆ ಓಡಾಡಿದ ಹಾಗೆ ಚುಕ್ಕಿ. ಇದು ಕ್ಯಾಲಿಬ್ರೇಷನ್ ಆಗದ ಲಕ್ಷಣ. ಬಿಬಿಸಿಯ ಅತಿ ಸಣ್ಣ ಪಿಕ್ಸೆಲ್ ಅಂದರೆ ಸೆಕೆಂಡಿನ 1.6 ಕೋಟಿಯಲ್ಲಿ ಒಂದು ಪಾಲು. ಅಷ್ಟರಲ್ಲೇ ಬೋರ್ಡು ಆರು ಸಲ ಇಣುಕಬಲ್ಲದು. ಬಣ್ಣ ಬದಲಾಗೋ ಗಳಿಗೆಯಲ್ಲಿ ಇಣುಕಿದರೆ ಒಮ್ಮೆ ಹೌದು ಒಮ್ಮೆ ಅಲ್ಲ ಅನ್ನುತ್ತೆ, ಅದೇ ಇರುವೆ. ಪಿಕ್ಸೆಲ್ಲಿನ ನಡುವಲ್ಲಿ ಇಣುಕಬೇಕು. ಬಟನ್ ಒತ್ತಿದರೆ ತಾನೇ ಆರೂ ಜಾಗ ಪರೀಕ್ಷೆ ಮಾಡಿ ಒಳ್ಳೇದನ್ನು ಹಿಡಿಯುತ್ತೆ. ಮೋಡ್ 7ಕ್ಕೆ ಬೇರೆ ಚಿಪ್ ಅಕ್ಷರ ಬಿಡಿಸೋದರಿಂದ ಅದಕ್ಕೆ ಬೇರೆಯಾಗಿ, ಉಳಿದವಕ್ಕೆ ಬೇರೆಯಾಗಿ ಮಾಡಬೇಕು. ಮಾಡಿದೆ. ಇರುವೆಗಳೆಲ್ಲ ಮಾಯ. ಒಂದೊಂದು ಚುಕ್ಕಿಯೂ ಸುಣ್ಣದ ಗೋಡೆಗೆ ಮೊಳೆ ಹೊಡೆದ ಹಾಗೆ ನಿಂತಿತು.

ಅಕ್ಷರ ಹಳದಿ ಇತ್ತು. ಇದ್ದರೂ ಇರಬಹುದು ಅಂದುಕೊಂಡೆ. ಅಲ್ಲಿಯವರೆಗೆ ನಾನು ಕಂಡಿದ್ದು ಕಪ್ಪು-ಬಿಳುಪು ಮಾತ್ರ ಅಲ್ವಾ.

ಆದರೂ ಮನಸ್ಸು ಕೇಳಲಿಲ್ಲ. ಮೋಡ್ 2ಕ್ಕೆ ಹೋಗಿ, 1ರಿಂದ 7ರವರೆಗೆ ಬಣ್ಣ ಬದಲಾಯಿಸುತ್ತಾ ಬಣ್ಣದ ನಂಬರ್ ಬರೆಯೋ ಎರಡು ಸಾಲಿನ ಪ್ರೋಗ್ರಾಮ್ ಟೈಪ್ ಮಾಡಿದೆ. ಕೆಂಪು, ಹಸಿರು, ಹಳದಿ, ನೀಲಿ, ಮಜೆಂಟಾ, ಸಯಾನ್, ಬಿಳಿ ಬರಬೇಕು. ಬಂದಿದ್ದು ಕೆಂಪು, ಹಸಿರು, ಹಳದಿ, ಒಂದು ಖಾಲಿ ಸಾಲು, ಮತ್ತೆ ಕೆಂಪು, ಹಸಿರು, ಹಳದಿ. ನೀಲಿ ಪೂರ್ತಿ ಇಲ್ಲ. ಬಿಳಿಯಿಂದ ನೀಲಿ ಕಳೆದರೆ ಹಳದಿ. 3ನೇ ಪಿನ್.

ಮೀಟರ್ ಇಟ್ಟರೆ ಬೀಪ್ ಇಲ್ಲ, ಅಂದರೆ ಸಂಪರ್ಕವೇ ಇಲ್ಲ. ಪ್ಲಗ್ಗನ್ನು ಬದಿಯಿಂದ ನೋಡಿದೆ. ಐದು ಪಿನ್ ಒಂದೇ ಎತ್ತರ, ಒಂದು ಮಾತ್ರ ಎರಡು ಮಿಲಿಮೀಟರ್ ಹಿಂದೆ. ಕಾವಿಗೆ ಪ್ಲಾಸ್ಟಿಕ್ ಮೆತ್ತಗಾಗಿ ಐರನ್ನಿನ ಒತ್ತಿಗೆ ಪಿನ್ನು ಒಳಗೆ ಜಾರಿ ವಾರೆಯಾಗಿತ್ತು. ಸಾಕೆಟ್‌ಗೆ ತಾಗ್ತಾನೇ ಇರಲಿಲ್ಲ.

ಎರಡನೇ ಪ್ಲಗ್ಗಿಗೆ ಬುದ್ಧಿ ಬಂದಿತ್ತು. ಪ್ಲಗ್ ತರಿಸಿದ ಪೊಟ್ಟಣದಲ್ಲೇ ಒಂದು ಡಿನ್ ಸಾಕೆಟ್ಟೂ ಇತ್ತು. ಅದನ್ನು ವೈಸ್‌ಗೆ ಕಚ್ಚಿಸಿ, ಪ್ಲಗ್ಗನ್ನು ಅದರೊಳಗೆ ಚುಚ್ಚಿ, ಆಮೇಲೆ ಬೆಸುಗೆ ಹಾಕಿದೆ. ಪ್ಲಾಸ್ಟಿಕ್ ಮೆತ್ತಗಾದರೂ ಪಿನ್ನಿಗೆ ಅಲುಗಾಡೋಕೆ ಜಾಗ ಇಲ್ಲ. ಸಾಕೆಟ್ಟೇ ಕಾವನ್ನೂ ಸ್ವಲ್ಪ ಎಳೆದುಕೊಳ್ಳುತ್ತೆ. ಮಧ್ಯದ ಪಿನ್ ಮೊದಲು, ಸುತ್ತಲಿನವು ಆಮೇಲೆ. ಒಂದೊಂದು ಬೆಸುಗೆಗೂ ಎರಡು ಸೆಕೆಂಡ್, ನಡುವೆ ಊದಿ ಆರಿಸಿ ಮುಂದಿನದು. ಕಾಲು ಗಂಟೆ ಕೆಲಸ.

ಏಳು ಸಾಲೂ ಬಂದವು.

ಮಾನಿಟರ್ ವಿಷಯ ಒಂದು ಮಾತು. ಬೋರ್ಡು ಚಿತ್ರವನ್ನು 50 ಹರ್ಟ್ಸಲ್ಲೇ, ಬಿಬಿಸಿಯ ತಾಳಕ್ಕೇ ಕಳಿಸುತ್ತೆ, ಹಾಗಾಗಿ ಸ್ಕ್ರೋಲ್ ನುಣ್ಣಗೆ. ಆದರೆ ಮಾನಿಟರ್ 50 ಒಪ್ಪಬೇಕು. ನಮ್ಮ ಟಿವಿ ಒಪ್ಪಿತು, ನನ್ನ ಮೇಜಿನದೂ ಒಪ್ಪಿತು. ನನಗೆ ಹೆಚ್ಚು ಹಿಡಿಸಿದ್ದು ಮೂಲೇಲಿ ಬಿದ್ದಿದ್ದ ಹಳೇ ಚೌಕಾಕಾರದ 1280×1024 ಎಲ್‌ಸಿಡಿ, ಎಚ್‌ಡಿಎಂಐ-ಡಿವಿಐ ಅಡಾಪ್ಟರ್ ಹಾಕಿ. ಮೋಡ್ 0ರ 640×256 ಅದಕ್ಕೆ ಅಗಲಕ್ಕೆ ಎರಡು ಪಟ್ಟು, ಎತ್ತರಕ್ಕೆ ನಾಲ್ಕು ಪಟ್ಟು ಸರಿಯಾಗಿ ಹೊಂದುತ್ತೆ. ಅಗಲ ಟಿವಿಯಲ್ಲಿ ನೋಡೋರು 4:3 ಇಟ್ಟುಕೊಳ್ಳಿ, ಇಲ್ಲದಿದ್ದರೆ ಅಕ್ಷರಗಳು ಹೊಟ್ಟೆ ತುಂಬ ಉಂಡ ಹಾಗೆ ಕಾಣುತ್ತವೆ.

ದಸರಾ ರಜೆಗೆ ಚಿಕ್ಕಪ್ಪ ಬೆಂಗಳೂರಿಗೆ ಬಂದರು. ಕುರ್ಚಿ ಎಳೆದುಕೊಂಡು ಕೂತು, ಕನ್ನಡಕ ಸರಿಮಾಡಿಕೊಂಡು, ಒಂದೇ ಬೆರಳಲ್ಲಿ ಒಂದು ಸಣ್ಣ ಪ್ರೋಗ್ರಾಮ್ ಟೈಪ್ ಮಾಡಿದರು. ಮೂರು ಚುಕ್ಕಿ ಕೊಟ್ಟು ತ್ರಿಕೋನ ತುಂಬಿಸೋದು. ಪಾಠದಲ್ಲಿ ಅದೇ ಮಾಡಿಸುತ್ತಿದ್ದರಂತೆ. ನಾನು ಪಕ್ಕದಿಂದ ಕೈ ಚಾಚಿ ಮೋಡ್ 2 ಮಾಡಿ, ಬಣ್ಣದ ನಂಬರ್ ಸೇರಿಸಿ ರನ್ ಕೊಟ್ಟೆ. ಪರದೆ ಮೇಲೆ ಕೆಂಪು ತ್ರಿಕೋನ ಬಂತು, ಅದರ ಪಕ್ಕ ನೀಲಿದು.

ಚಿಕ್ಕಪ್ಪ ಪರದೆ ನೋಡಿದರು, ಡಬ್ಬಿ ನೋಡಿದರು.

‘ಇದ್ರಾಗೆ ಬಣ್ಣ ಇತ್ತಾ?’

ಶಾಲೇಲಿ ಇದ್ದಿದ್ದು ಕಪ್ಪು-ಬಿಳುಪು ಮಾನಿಟರ್ ಒಂದೇ. ಹಿಂಭಾಗದ ಆ ದುಂಡನೆ ಸಾಕೆಟ್‌ಗೆ ಅಲ್ಲಿ ಯಾರೂ ಏನೂ ಚುಚ್ಚಿರಲಿಲ್ಲ. ಅವರು ಇನ್ನೇನೂ ಹೇಳಲಿಲ್ಲ. ಬಣ್ಣದ ನಂಬರ್ 1 ಅಳಿಸಿ 2 ಹಾಕಿ ರನ್ ಕೊಟ್ಟರು. ಆಮೇಲೆ 3. ಊಟಕ್ಕೆ ಅಮ್ಮ ಎರಡು ಸಲ ಕರೆದರು.